ಹಾರಿಹೋಯಿತೆಂದು ನಾನು ಹೇಳಿದ ಗೂಬೆ

“ಯಾವ ಗೂಗಿ? ನನಗೇನೂ ಗೊತ್ತಿಲ್ರಿ” — ಆ ಸಂಜೆ ಫೋನಿನಲ್ಲಿ ನಾನು ಹಾಗೆ ಹೇಳಿದ್ದು ಸುಳ್ಳು. ನನಗೆ ಗೊತ್ತಿತ್ತು. ಆ ಗೂಬೆಯನ್ನು ಕೊಟ್ರಮ್ಮನ ಮನೆಯಿಂದ ಹೆದರಿಸಿ ಕಿತ್ತುಕೊಂಡು ಹೋದವನು ನಾನು. ಬಂಡೆಯ ಮೇಲೆ ಕಟ್ಟಿ ಹಾಕಿದವನು ನಾನು. ಇನ್ನೂ ಜೀವ ಇರುವಾಗಲೇ ಅಲ್ಲಿ ಬಿಟ್ಟು ಎದ್ದು ಬಂದವನೂ ನಾನೇ. ಆ ಫೋನಿಗೂ ಮೊದಲು, ಅದು ಹಾರಿಹೋಯಿತು ಎಂದು ಅವಳಿಗೆ ಹೇಳಿದ್ದೂ ಸುಳ್ಳು. ಒಂದು ಸುಳ್ಳನ್ನು ಅವಳು ನಂಬಿದಳು, ಇನ್ನೊಂದನ್ನು ಊರಿನವರು ನಂಬಿದರು. ಎರಡಕ್ಕೂ ಬೆಲೆ ತೆತ್ತವಳು ಅವಳೊಬ್ಬಳೇ.

ಇದು ಹತ್ತು ವರ್ಷಕ್ಕೂ ಹಿಂದಿನ ಮಾತು. ನಾನು ಹರಪನಹಳ್ಳಿಯವನು. ಬೇಟೆಯಾಡುವ ಹಕ್ಕಿಗಳ ಮೇಲೆ ಸಂಶೋಧನೆ ಮಾಡುತ್ತ ಕೊಟ್ಟೂರಿನಲ್ಲಿ ಒಂದು ಕೋಣೆ ಹಿಡಿದು ಇದ್ದೆ. ಕೂಡ್ಲಿಗಿ ಕಡೆಯ ಬಂಡೆಗುಡ್ಡಗಳಲ್ಲಿ, ಮನುಷ್ಯ ಕೈ ಚಾಚಲಾಗದ ಅಂಚುಗಳಲ್ಲಿ ಗೂಡು ಕಟ್ಟುವ ದೊಡ್ಡ ಹದ್ದುಗಳಿವೆ. ಅವು ಎಲ್ಲಿಯವರೆಗೆ ಹೋಗಿ ಬೇಟೆಯಾಡುತ್ತವೆ, ಯಾವ ಗುಡ್ಡದ ನೆತ್ತಿಯ ಮೇಲಿನ ಗಾಳಿಯನ್ನು ಹಿಡಿದು ಏರುತ್ತವೆ — ಇದು ತಿಳಿಯಬೇಕಿತ್ತು. ಯಾಕೆಂದರೆ ಅದೇ ಗುಡ್ಡಗಳ ನೆತ್ತಿಯಲ್ಲಿ ವಿದ್ಯುತ್ತಿನ ಗಾಳಿಯಂತ್ರಗಳು ಏಳುತ್ತಿದ್ದವು. ನಮ್ಮ ಜನ ಅವನ್ನು ಫ್ಯಾನು ಎನ್ನುತ್ತಾರೆ. ಫ್ಯಾನಿನ ಅಲಗಿಗೆ ಸಿಕ್ಕಿ ಎರಡು ತುಂಡಾಗಿ ಬಿದ್ದ ಹದ್ದನ್ನು ನಾನು ಈ ಕೈಯಿಂದ ಎತ್ತಿದ್ದೇನೆ. ಅದರ ಕಣ್ಣು ತೆರೆದೇ ಇತ್ತು. ಅದನ್ನು ನೋಡಿ ನಾನು ಅತ್ತಿದ್ದೆ — ಹೌದು, ಅತ್ತಿದ್ದೆ. ಹಕ್ಕಿಗಳ ಮೇಲೆ ನನಗೆ ಪ್ರೀತಿಯಿದೆ ಎಂದು ನಾನು ಬಲವಾಗಿ ನಂಬಿದ್ದ ಕಾಲ ಅದು.

ಕೆಲಸ ಇಷ್ಟೇ: ಒಂದು ಹದ್ದನ್ನು ಜೀವಂತ ಹಿಡಿದು, ಬೆನ್ನಿಗೆ ಜಿಪಿಎಸ್ ಯಂತ್ರ ಕಟ್ಟಿ ಬಿಡುವುದು. ಹಿಡಿಯುವ ರೀತಿ ಹಳೆಯದು. ಹದ್ದಿಗೆ ಗೂಬೆಯನ್ನು ಕಂಡರಾಗದು. ಗೂಡಿನ ಹತ್ತಿರ ಹಗಲಲ್ಲಿ ಗೂಬೆ ಕಂಡರೆ ಮೇಲಿಂದ ಎರಗುತ್ತದೆ. ಎರಡು ಕಂಬ ನೆಟ್ಟು, ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಬಲೆ ಬಿಟ್ಟು, ಅದರ ಹಿಂದೆ ಗೂಬೆಯನ್ನಿಟ್ಟರೆ ಎರಗಿದ ಹದ್ದು ಬಲೆಗೆ ಬೀಳುತ್ತದೆ. ನನ್ನ ಬಳಿ ಇದ್ದದ್ದು ಹತ್ತಿ ತುಂಬಿದ ಗೂಬೆ. ಹದ್ದುಗಳು ಅದರತ್ತ ತಿರುಗಿ ಸಹ ನೋಡಲಿಲ್ಲ. ವಾರಗಟ್ಟಲೆ ಬಂಡೆಯ ಸಂದಿಯಲ್ಲಿ ಬಿಸಿಲಿಗೆ ಬೆಂದೆ. ಕೊನೆಗೆ ನನ್ನ ಮಾರ್ಗದರ್ಶಕರ ಫೋನು ಬಂತು. ಮರಿಗಳು ಗೂಡು ಬಿಡುವುದರೊಳಗೆ ಹದ್ದು ಸಿಗದಿದ್ದರೆ ಜಿಪಿಎಸ್ ಯಂತ್ರಗಳನ್ನು ಬೇರೆ ತಂಡಕ್ಕೆ ಕೊಡುತ್ತೇವೆ ಎಂದರು. ಅದು ನನಗೆ ಬೆದರಿಕೆಯಾಗಿ ಕೇಳಿಸಿತು. ಆಗ ನನ್ನ ತಲೆಗೆ ಮೊದಲು ಬಂದದ್ದು ಕೊಟ್ರಮ್ಮನ ಗೂಬೆ.

ಕೊಟ್ರಮ್ಮ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ಗಂಡ ಇನ್ನೊಂದು ಸಂಸಾರ ಕಟ್ಟಿಕೊಂಡು ದೂರವಿದ್ದ, ಮಕ್ಕಳಿರಲಿಲ್ಲ. ಎರಡೂ ಕೈಯಲ್ಲಿ ತಟ್ಟಿದ ಅವಳ ಜೋಳದ ರೊಟ್ಟಿ ಹಪ್ಪಳದಂತೆ ತೆಳ್ಳಗೆ ಇರುತ್ತಿತ್ತು. ನಾನು ಎರಡು ಹೊತ್ತು ಅಲ್ಲೇ ಉಣ್ಣುತ್ತಿದ್ದೆ. ಅವಳನ್ನು ಯಕ್ಕಾ ಎನ್ನುತ್ತಿದ್ದೆ, ಅವಳು ನನ್ನನ್ನು ತಮ್ಮಾ ಎನ್ನುತ್ತಿದ್ದಳು. ಕೊರಳಲ್ಲಿ ಲಿಂಗ, ಹಣೆಗೆ ವಿಭೂತಿ. ಅಡುಗೆಮನೆಗೆ ತತ್ತಿಯ ಹೆಸರೂ ಬರಬಾರದು. ಅಂಥವಳು ಹಿತ್ತಲಿನ ಕಟ್ಟಿಗೆ ಕೋಣೆಯಲ್ಲಿ ಒಂದು ಕೊಂಬಿನ ಗೂಬೆಯನ್ನು ಸಾಕಿದ್ದಳು.

ಅದು ನನಗೆ ತಿಳಿದದ್ದು ಆಕಸ್ಮಿಕವಾಗಿ. ಒಂದು ಮಧ್ಯಾಹ್ನ ಕೈ ತೊಳೆಯಲು ಹಿತ್ತಲಿಗೆ ಹೋದಾಗ ಕಟ್ಟಿಗೆ ಕೋಣೆಯೊಳಗೆ ಕೊಕ್ಕು ಕಟಕಟಿಸುವ ಸದ್ದು ಕೇಳಿತು. ಆ ಸದ್ದು ನನಗೆ ಗೊತ್ತು. ಬಾಗಿಲು ತಳ್ಳಿದೆ. ಕಿತ್ತಳೆ ಬಣ್ಣದ ದೊಡ್ಡ ಕಣ್ಣು ಬಿಟ್ಟುಕೊಂಡು ಸೌದೆ ರಾಶಿಯ ಮೇಲೆ ಕೂತಿತ್ತು. ಹಿಂದಿನಿಂದ ಓಡಿ ಬಂದ ಕೊಟ್ರಮ್ಮ ಬಾಗಿಲು ಎಳೆದು ಮುಚ್ಚಿದಳು.

“ಯಾರಿಗೂ ಹೇಳಬ್ಯಾಡ ತಮ್ಮಾ. ಗೂಗಿ ಸಾಕ್ಯಾಳ ಅಂದ್ರ ಯಾರೂ ಉಣ್ಣಾಕ ಬರಂಗಿಲ್ಲ, ನನ್ನ ಖಾನಾವಳಿ ಮುಚ್ಚಿ ಹೋಗತೈತಿ.”

ಕಲ್ಲು ಗಣಿಯಲ್ಲಿ ಬಂಡೆ ಸಿಡಿಸಿದಾಗ ಸಿಕ್ಕ ಮರಿ ಅದು. ಊಟಕ್ಕೆ ಬರುತ್ತಿದ್ದ ಟ್ರ್ಯಾಕ್ಟರ್ ಡ್ರೈವರ್ ಒಬ್ಬ ಟವೆಲ್ಲಿನಲ್ಲಿ ಸುತ್ತಿ ತಂದು, ನಾಯಿಗೆ ಹಾಕಲು ಹೊರಟಿದ್ದನಂತೆ. ಹೊರಗೆ ಬಿಟ್ಟುಬಿಡುತ್ತೇನೆಂದು ಅವನಿಗೆ ಹೇಳಿ ಇವಳು ಇಸಕೊಂಡಳು. ಸಂಜೆ ಸೆರಗಿನಡಿ ಡಬ್ಬಿ ಹಿಡಿದು, ಊರಾಚೆಯ ಕೋಳಿ ಅಂಗಡಿಗೆ ಕಳ್ಳಿಯ ಹಾಗೆ ಹೋಗಿ ಬರುತ್ತಿದ್ದಳು. ಬಂದು ಹುಣಸೆಹಣ್ಣು ಹಚ್ಚಿ ಕೈ ತಿಕ್ಕುತ್ತಿದ್ದಳು, ಸ್ನಾನ ಮಾಡುತ್ತಿದ್ದಳು, ಲಿಂಗಕ್ಕೆ ಕೈ ಮುಗಿಯುತ್ತಿದ್ದಳು — ಮಾರನೆಯ ಸಂಜೆ ಮತ್ತೆ ಹೋಗುತ್ತಿದ್ದಳು. ಅದಕ್ಕೆ ಗೂಗವ್ವ ಎಂದು ಹೆಸರಿಟ್ಟಿದ್ದಳು. ಹಸಿವಾದಾಗ ಅದು ಅವಳನ್ನು ನೋಡಿ ಎಳೆದು ಎಳೆದು ಚೀರುತ್ತಿತ್ತು, ಮರಿಯಾಗಿದ್ದಾಗಿನ ಹಾಗೆಯೇ. ನಾನು ಗುಟ್ಟು ಕಾಪಾಡಿದೆ. ಆಗಾಗ ಹೊಲದಲ್ಲಿ ಸಿಕ್ಕ ಇಲಿ ತಂದು ಹಾಕಿದೆ. ಕೆಲವು ತಿಂಗಳಲ್ಲಿ ಅದು ನನ್ನನ್ನು ನೋಡಿಯೂ ಹಾಗೆ ಕೂಗತೊಡಗಿತು.

ಮಾರ್ಗದರ್ಶಕರ ಫೋನು ಬಂದ ಮಾರನೆಯ ದಿನ, ಊಟದ ಗದ್ದಲ ಮುಗಿದ ಮೇಲೆ ನಾನು ಅವಳಿಗೆ ಹೇಳಿದೆ: “ಯಕ್ಕಾ, ಗೂಗಿ ಸಾಕೋದು ಅಪರಾಧ ಐತಿ. ಫಾರೆಸ್ಟ್‌ನೋರಿಗೆ ಗೊತ್ತಾದ್ರ ಜೇಲಿಗೆ ಹಾಕ್ತಾರ.”

ಅವಳು ರೊಟ್ಟಿ ಬುಟ್ಟಿ ಮುಚ್ಚುತ್ತಿದ್ದವಳು ನಿಂತಳು. “ಅವರಿಗೆ ಹೆಂಗ ಗೊತ್ತಾಗತೈತಿ? ನಿನ್ನೊಬ್ಬನಿಗೇ ಗೊತ್ತಿರೋದು.”

ಹೇಳುವುದಿಲ್ಲ ಎನ್ನಬಹುದಿತ್ತು. ಸುಮ್ಮನೆ ಅವಳ ಮುಖ ನೋಡುತ್ತ ಕೂತೆ. ನನ್ನ ಮೌನ ಏನು ಹೇಳುತ್ತಿದೆ ಎಂಬುದು ಅವಳಿಗೆ ನಿಧಾನವಾಗಿ ಅರ್ಥವಾಯಿತು — ಆ ಅರ್ಥವಾಗುವುದನ್ನು ನಾನು ಕಾದು ನೋಡಿದೆ. ನನಗೆ ಬೇಕಾದದ್ದೂ ಅದೇ. ಆಮೇಲೆ ಮೃದುವಾಗಿ, ಗುಡ್ಡಕ್ಕೆ ಒಯ್ದು ಬಿಟ್ಟು ಬರುತ್ತೇನೆ, ಅದರ ಜಾತಿಯವು ಅಲ್ಲಿವೆ ಎಂದೆ.

“ಅದಕ್ಕ ಹಿಡಕೊಂಡು ತಿನ್ನಾಕ ಬರಂಗಿಲ್ಲೋ ತಮ್ಮಾ.”

“ನಾ ಕಲಿಸಿ ಬಿಡ್ತೀನಿ ಯಕ್ಕಾ.”

ಅವಳು ತನ್ನ ಹಳೆಯ ಸೀರೆ ಹಾಸಿದ ಬುಟ್ಟಿಯಲ್ಲಿ ಅದನ್ನು ಕೂರಿಸಿ ಕೊಟ್ಟಳು. ಹದ್ದು ಹಿಡಿಯಲು ನನಗೆ ಅನುಮತಿಯಿತ್ತು. ಜೀವಂತ ಗೂಬೆಯನ್ನು ಕಟ್ಟಿ ಹಾಕಲು ಯಾರ ಅನುಮತಿಯೂ ಇರಲಿಲ್ಲ. ಅಪರಾಧದ ಮಾತಾಡಿ ಅವಳನ್ನು ಹೆದರಿಸಿದ ನಾನು, ಆ ಬುಟ್ಟಿಯನ್ನು ಜೀಪಿಗೆ ಇಡುವಾಗಲೇ ಅವಳಿಗಿಂತ ದೊಡ್ಡ ಅಪರಾಧಿಯಾಗಿದ್ದೆ.

ಹಸಿದ ಹಕ್ಕಿ ಹೆಚ್ಚು ರೆಕ್ಕೆ ಬಡಿಯುತ್ತದೆ, ಹೆಚ್ಚು ಬಡಿದರೆ ಹದ್ದಿಗೆ ಬೇಗ ಕಾಣುತ್ತದೆ. ಅದಕ್ಕಾಗಿ ಎರಡು ದಿನ ಅದಕ್ಕೆ ಏನೂ ಹಾಕಲಿಲ್ಲ. ನನ್ನನ್ನು ನೋಡಿದಾಗಲೆಲ್ಲ ಚೀರುತ್ತಿತ್ತು. ಜೀಪು ಓಡಿಸುತ್ತಿದ್ದ ಬಸಣ್ಣನಿಗೆ ಅದನ್ನು ಮುಟ್ಟಲೂ ಅಂಜಿಕೆ. ನಾನೇ ಅದರ ಕಾಲಿಗೆ ತೊಗಲಿನ ಪಟ್ಟಿ ಕಟ್ಟಿ ಬಂಡೆಯ ಮೇಲೆ ಕೂರಿಸಿದೆ. ಇನ್ನೊಂದು ಕಾಲಿಗೆ ದಾರ ಕಟ್ಟಿ, ದಾರದ ತುದಿ ಹಿಡಿದು ಸಂದಿಯಲ್ಲಿ ಅಡಗಿದೆ. ದಾರ ಎಳೆದರೆ ಗೂಬೆ ಜೋಲಿ ಹೊಡೆದು ರೆಕ್ಕೆ ಬಿಚ್ಚುತ್ತಿತ್ತು. ಕಟ್ಟಿಗೆ ಕೋಣೆಯಲ್ಲಿ ಬೆಳೆದ ಜೀವ. ಮೇಲಿನಿಂದ ಅಪಾಯ ಬರುತ್ತದೆ ಎಂಬುದೇ ಅದಕ್ಕೆ ತಿಳಿಯದು. ಆಕಾಶ ನೋಡುವುದನ್ನು ಬಿಟ್ಟು ನಾನು ಅಡಗಿದ್ದ ಸಂದಿಯನ್ನೇ ನೋಡುತ್ತ ಕೂಗುತ್ತಿತ್ತು.

ಹೆಣ್ಣು ಹದ್ದು ಬಂತು. ಆದರೆ ಬಲೆಯಿದ್ದ ಕಡೆಯಿಂದ ಬರಲಿಲ್ಲ. ಪಕ್ಕದ ಬಂಡೆಯನ್ನು ಸವರಿಕೊಂಡು ಓರೆಯಾಗಿ ಎರಗಿ, ಗೂಬೆಗೆ ಹೊಡೆದು, ಮೇಲೆದ್ದು ಹೋಯಿತು. ಗೂಬೆ ಉರುಳಿ ಬಿತ್ತು. ಎದ್ದಾಗ ಒಂದು ರೆಕ್ಕೆ ನೆಲಕ್ಕೆ ಎಳೆಯುತ್ತಿತ್ತು, ಮುಖದ ಒಂದು ಬದಿಯಲ್ಲಿ ಕಣ್ಣಿರಲಿಲ್ಲ.

ಆಗ ನಾನು ಓಡಿ ಹೋಗಬೇಕಿತ್ತು. ಹೋಗಲಿಲ್ಲ. ಹದ್ದು ಮೇಲೆ ಸುತ್ತು ಹಾಕುತ್ತಿತ್ತು, ಬಲೆ ಹಾಗೆಯೇ ನಿಂತಿತ್ತು. ಬಸಣ್ಣ ನನ್ನ ತೋಳು ಹಿಡಿದು “ಸರ, ಸಾಕು ಬಿಡ್ರಿ” ಎಂದ. ನಾನು ಕೈ ಕೊಡವಿದೆ. ಮತ್ತೆ — ಇದನ್ನು ಬರೆಯಲೇಬೇಕು — ಮತ್ತೆ ದಾರ ಎಳೆದೆ. ಮುರಿದ ರೆಕ್ಕೆಯನ್ನೇ ಅದು ಬಡಿಯಿತು. ಹದ್ದು ಎರಡನೆಯ ಸಲ ನೇರ ಬಲೆಗೆ ಬಿತ್ತು.

ನಾನು ಗೂಬೆಯನ್ನು ದಾಟಿ ಹದ್ದಿನ ಕಡೆ ಓಡಿದೆ. ತೂಕ ನೋಡಿದೆ, ರೆಕ್ಕೆ ಅಳೆದೆ, ಬೆನ್ನಿಗೆ ಯಂತ್ರ ಕಟ್ಟಿದೆ. ಅದನ್ನು ಎದೆಗೊತ್ತಿಕೊಂಡು ಬಸಣ್ಣನ ಕೈಲಿ ಫೋಟೋ ತೆಗೆಸಿಕೊಂಡೆ. ಆ ಫೋಟೋದಲ್ಲಿ ನಾನು ನಗುತ್ತಿದ್ದೇನೆ. ಹದ್ದನ್ನು ಬಿಟ್ಟ ಮೇಲೆ ತಿರುಗಿ ನೋಡಿದರೆ ಗೂಬೆ ಬದುಕಿತ್ತು. ಕೂಡ್ಲಿಗಿಗೆ ಒಯ್ದರೆ ದನದ ಡಾಕ್ಟರು ನೋಡುತ್ತಿದ್ದರು, ಎಲ್ಲಿಂದ ಬಂತು ಎಂದೂ ಕೇಳುತ್ತಿದ್ದರು. ಕತ್ತು ತಿರುವಿ ನೋವು ಮುಗಿಸುವಷ್ಟು ಧೈರ್ಯವೂ ನನಗಿರಲಿಲ್ಲ. ಪಟ್ಟಿ ಬಿಚ್ಚಿಕೊಂಡೆ, ಮುಂದಿನ ಸಲಕ್ಕೆ ಬೇಕಾಗುತ್ತದೆ ಎಂದು. ಅದನ್ನು ಒಂದು ಬಂಡೆಯ ನೆರಳಿಗೆ ತಳ್ಳಿದೆ. ಉಳಿದ ಒಂದು ಕಣ್ಣಿನಲ್ಲಿ ನನ್ನನ್ನು ನೋಡಿ, ಬಾಯಿ ತೆರೆದು, ಊಟ ಕೇಳುವ ಅದೇ ಕೂಗು ಕೂಗಿತು. ನಾನು ಇಳಿದು ಬಂದೆ.

“ಹಾರಿತೇನು ತಮ್ಮಾ?” ಮಾರನೆಯ ದಿನ ಕೊಟ್ರಮ್ಮ ಕೇಳಿದಳು.

“ಹಾರಿ ಹೋತು ಯಕ್ಕಾ. ತಿರುಗಿ ಸುದ್ದಾ ನೋಡಲಿಲ್ಲ.”

ಅವಳಿಗೆ ಆ ಕೊನೆಯ ಮಾತು ಚುಚ್ಚಿರಬೇಕು. ಆದರೂ ಕಣ್ಣು ಒರೆಸಿಕೊಂಡು ನಕ್ಕಳು. ಆವತ್ತು ಬೆಲ್ಲದ ಮಾದ್ಲಿ ಮಾಡಿ, ಮೇಲೆ ತುಪ್ಪ ಸುರಿದು ನನಗೆ ಬಡಿಸಿದಳು. ನಾನು ಉಂಡೆ. ಸಾಕು ಎನ್ನದೆ ಎರಡನೆಯ ಸಲವೂ ಹಾಕಿಸಿಕೊಂಡೆ. ಯಾವ ಗುಡ್ಡ ಎಂದು ಕೇಳಿದಳು. ಕೂಡ್ಲಿಗಿ ಕಡೆ ಎಂದರೆ ಎಲ್ಲಿ ಹೋಗಿ ಪುಕ್ಕ ನೋಡುತ್ತಾಳೋ ಎಂಬ ಭಯಕ್ಕೆ, ಹಡಗಲಿ ರಸ್ತೆಯ ಒಂದು ಗುಡ್ಡದ ಹೆಸರು ಹೇಳಿದೆ. ಬಾಯಿಗೆ ಬಂದ ಹೆಸರು. ಆ ಹೆಸರೇ ಅವಳನ್ನು ತಿಂದಿತು.

ಆ ಹದ್ದು ನನಗೆ ಎಲ್ಲವನ್ನೂ ಕೊಟ್ಟಿತು. ಅದು ಹಾರಿದ ದಾರಿಯ ನಕ್ಷೆಯಿಂದ ನನಗೆ ಹೆಸರು ಬಂತು, ನೌಕರಿ ಬಂತು. ಒಂದು ಗುಡ್ಡಸಾಲಿನಲ್ಲಿ ಫ್ಯಾನು ಹಾಕುವುದನ್ನು ಕೈಬಿಟ್ಟರು. ಈಗಲೂ ಅಲ್ಲಿ ಹದ್ದುಗಳು ಮರಿ ಮಾಡುತ್ತವೆ. ಇದನ್ನು ಹೇಳಿ ನನ್ನ ತಪ್ಪನ್ನು ಹಗುರ ಮಾಡಿಕೊಳ್ಳುವ ಆಸೆ ನನಗೆ ಇಲ್ಲವೆನ್ನಲಾರೆ — ಇದೆ. ಆದ್ದರಿಂದಲೇ ಹೇಳಿ ಮುಗಿಸುತ್ತಿದ್ದೇನೆ.

ಕೊಟ್ರಮ್ಮ ಖಾನಾವಳಿಗೆ ರಜೆ ಇದ್ದ ದಿನ ಡಬ್ಬಿ ಹಿಡಿದು ಹಡಗಲಿ ಬಸ್ಸು ಹತ್ತುತ್ತಿದ್ದಳು ಎಂಬುದು ನನಗೆ ಗೊತ್ತಿತ್ತು. ಗೂಗವ್ವನಿಗೆ ಬೇಟೆ ಸಿಗದಿದ್ದರೆ ಎಂದು ಮಾಂಸ ಇಟ್ಟು ಬರುತ್ತಿದ್ದಳು. ಮುಂದಿನ ಸಲ ಹೋದಾಗ ಮಾಂಸ ಇರುತ್ತಿರಲಿಲ್ಲ — ನರಿ ತಿಂದಿರುತ್ತಿತ್ತು, ನಾಯಿ ತಿಂದಿರುತ್ತಿತ್ತು — ಅವಳು ಖುಷಿಯಿಂದ ಬಂದು ಹೇಳುತ್ತಿದ್ದಳು: “ಉಂಡು ಹೋಗ್ಯಾಳ ನೋಡು!” ನಾನು ಹೌದೇನು ಯಕ್ಕಾ ಎನ್ನುತ್ತಿದ್ದೆ. ಹೋಗಬೇಡ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು. ಅದಕ್ಕೆ ಏನೂ ಹೇಳಲಿಲ್ಲ.

ಆ ಗುಡ್ಡದ ಬುಡದಲ್ಲಿ ಒಂದು ಊರಿದೆ. ಹೆಸರು ಬೇಡ. ಆ ವರ್ಷ ಅಲ್ಲಿ ಕುರಿಗಳಿಗೆ ರೋಗ ಬಂದು ಸಾಯುತ್ತಿದ್ದವು. ಲಿಂಗ ಕಟ್ಟಿಕೊಂಡ ಪರಊರಿನ ಹೆಂಗಸು ಮುಸ್ಸಂಜೆ ಬಂಡೆಯ ಮೇಲೆ ಕೋಳಿ ತಲೆ ಇಟ್ಟು ಗೂಬೆಯನ್ನು ಕರೆಯುತ್ತಾಳೆ ಎಂದರೆ ಅವರು ಏನು ತಿಳಿದಾರು? ಒಂದು ಸಂಜೆ ಹಿಡಿದರು. ಮಾಟ ಮಾಡುತ್ತಾಳೆ ಎಂದರು. ಡಬ್ಬಿಯನ್ನು ಅವಳ ತಲೆಯ ಮೇಲೆ ಸುರಿದರು. ಅವಳು ನನ್ನ ನಂಬರು ಕೊಟ್ಟಳು.

ನಾನಾಗ ಹೊಸಪೇಟೆಯಲ್ಲಿದ್ದೆ. ನನ್ನ ನಕ್ಷೆಯನ್ನು ತೋರಿಸಬೇಕಾದ ಸಭೆಗೆ ಮುಂಚೆ ಅಧಿಕಾರಿಗಳ ಜೊತೆ ಚಹಾ ಕುಡಿಯುತ್ತ ನಿಂತಿದ್ದೆ. ಫೋನಿನಲ್ಲಿ ಒಬ್ಬ ಗಂಡಸು ಕೇಳಿದ: “ಈ ಗುಡ್ಡದಾಗ ನೀವು ಗೂಗಿ ಬಿಟ್ಟೀರಂತ, ಖರೇನ್ರಿ? ಈಕಿ ನಿಮಗ ಗೊತ್ತೇನು?”

ಹಿಂದೆ ಅವಳ ದನಿ ಕೇಳುತ್ತಿತ್ತು. “ತಮ್ಮಾ, ಹೇಳೋ! ನೀನೇ ಬಿಟ್ಟಿದ್ದು ಅಂತ ಹೇಳೋ ತಮ್ಮಾ!”

ಪಕ್ಕದಲ್ಲಿದ್ದ ಅಧಿಕಾರಿ ನನ್ನ ಕಡೆ ನೋಡಿದರು. ನಾನು ಹೇಳಿದೆ: “ಯಾವ ಗೂಗಿ? ನನಗೇನೂ ಗೊತ್ತಿಲ್ರಿ. ಆಕಿ ಯಾರೋ ಏನೋ.” ಫೋನು ಬಂದ್ ಮಾಡಿ ಜೇಬಿಗಿಟ್ಟುಕೊಂಡು ಒಳಗೆ ಹೋದೆ. ಆವತ್ತು ನಾನು ಚೆನ್ನಾಗಿ ಮಾತಾಡಿದೆ ಎಂದು ಎಲ್ಲರೂ ಹೇಳಿದರು.

ಅವಳ ಬಲಗೈ ಮಣಿಕಟ್ಟು ಮುರಿದಿದೆ ಎಂದು ಆಮೇಲೆ ಬಸಣ್ಣ ತಿಳಿಸಿದ. ಮೂಳೆ ಸರಿಯಾಗಿ ಕೂಡಲಿಲ್ಲ. ರೊಟ್ಟಿ ತಟ್ಟುವ ಕೈ ಹೋಯಿತು. ಸುದ್ದಿ ಕೊಟ್ಟೂರಿಗೂ ಬಂದು, ಉಣ್ಣುವವರು ನಿಂತು, ಖಾನಾವಳಿ ಮುಚ್ಚಿತು. ನಾನು ಅಷ್ಟರಲ್ಲಿ ಕೋಣೆ ಖಾಲಿ ಮಾಡಿದ್ದೆ.

ಹೋದ ವರ್ಷ ಇಟ್ಟಿಗಿ ಎಂಬ ಊರಿಗೆ ಹೋದೆ. ಅಲ್ಲಿ ಕೊಟ್ರಮ್ಮ ತನ್ನ ತಂಗಿಯ ಮನೆಯಲ್ಲಿದ್ದಾಳೆ ಎಂದು ತಿಳಿದಿತ್ತು. ಅಂಗಳದಲ್ಲಿ ಕೂತು ಎಡಗೈಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಬಲಗೈ ಮಡಿಲಲ್ಲಿ ಒಳಕ್ಕೆ ಮುರುಟಿಕೊಂಡು ಬಿದ್ದಿತ್ತು. ಗುರುತು ಹಿಡಿದಳು. ನಾನು ಫೋನಿನ ಮಾತು ತೆಗೆದೆ, ತಪ್ಪಾಯಿತು ಎಂದೆ.

“ಹೆದರಿದ್ದಿ. ಅದು ನನಗ ಆವತ್ತೇ ಗೊತ್ತಾತು,” ಎಂದಳು. “ಹೋಗ್ಲಿ ಬಿಡು. ಕೈ ಹೋದ್ರ ಹೋತು. ಆ ಜೀವ ಹಾರಿ ಹೋತಲ್ಲ, ಅದನ್ನ ನೆನಸ್ಕೊಂಡು ಸುಮ್ಮನಾಕ್ಕೀನಿ.”

ಅಲ್ಲಿಗೆ ಎದ್ದು ಬರಬಹುದಿತ್ತು. ಕ್ಷಮೆ ಸಿಕ್ಕಿತ್ತು. ಆದರೆ ನಾನು ಬಾಯಿ ತೆರೆದೆ — ಬಂಡೆ, ದಾರ, ಕಣ್ಣು, ಎರಡನೆಯ ಸಲ ಎಳೆದದ್ದು — ಎಲ್ಲ ಹೇಳಿದೆ. ಅವಳ ಎಡಗೈ ಶೇಂಗಾದ ಮೇಲೆ ನಿಂತುಬಿಟ್ಟಿತು.

“ಎಷ್ಟೊತ್ತು ಇತ್ತು ಜೀವ?”

“ಗೊತ್ತಿಲ್ಲ ಯಕ್ಕಾ. ನಾ ಬಂದುಬಿಟ್ಟೆ.”

“ನಿನ್ನ ನೋಡಿ ಕೂಗಿತೇನು?”

“ಕೂಗಿತು.”

ಅವಳು ಅಳಲಿಲ್ಲ. ಬಯ್ಯಲೂ ಇಲ್ಲ. ಮುಂದಿದ್ದ ಶೇಂಗಾ ಪಕ್ಕಕ್ಕೆ ಸರಿಸಿ ಹೇಳಿದಳು: “ನನ್ನ ಹತ್ರ ಇದ್ದದ್ದು ಅದೊಂದೇ. ಅದನ್ನೂ ಕಸಗೊಂಡು ಹೋಗಾಕ ಬಂದೇನು? ಹೇಳೋದಿದ್ರ ಆ ಊರಾಗ ಹೋಗಿ ಹೇಳಬೇಕಿತ್ತು. ಇನ್ನ ನನ್ನ ಯಕ್ಕಾ ಅನಬ್ಯಾಡ. ಏಳು.”

ಎದ್ದೆ. ಮಾರನೆಯ ದಿನ ಗುಡ್ಡದ ಬುಡದ ಆ ಊರಿಗೆ ಹೋದೆ. ಚಹಾದಂಗಡಿಯ ಕಟ್ಟೆಯಲ್ಲಿ ಕೂತಿದ್ದವರ ಎದುರು ನಿಂತು, ನಾನು ಯಾರು, ಆವತ್ತು ಫೋನಿನಲ್ಲಿ ಏನು ಸುಳ್ಳು ಹೇಳಿದೆ, ಕೊಟ್ರಮ್ಮ ಮಾಡಿದ್ದು ಮಾಟವಲ್ಲ — ಎಂದೆಲ್ಲ ಹೇಳಿದೆ. ಕೆಲವರು ಎದ್ದು ಹೋದರು. “ಅದೆಲ್ಲ ಈಗ್ಯಾಕ್ರಿ ಸರ” ಎಂದ ಒಬ್ಬ. ಮೂಲೆಯಲ್ಲಿದ್ದ ಒಬ್ಬ ದಪ್ಪನೆಯ ಮುದುಕ ಮಾತ್ರ ನನ್ನನ್ನೇ ನೋಡುತ್ತಿದ್ದ. ಆವತ್ತು ಫೋನು ಮಾಡಿದವನು ಅವನೇ ಎಂದು ಆಮೇಲೆ ಅವನ ಮಾತಿನಿಂದ ತಿಳಿಯಿತು.

ಇಷ್ಟು ವರ್ಷ ನಾನು ಒಂದು ಮಾತನ್ನು ಹಿಡಿದುಕೊಂಡು ನಿದ್ದೆ ಮಾಡಿದ್ದೆ: ಫೋನು ಬರುವಷ್ಟರಲ್ಲಿ ಅವಳ ಕೈ ಮುರಿದಾಗಿತ್ತು, ನಾನು ಏನೇ ಹೇಳಿದ್ದರೂ ಅದು ತಪ್ಪುತ್ತಿರಲಿಲ್ಲ. ಹಾಗೆಂದು ಯಾರೂ ನನಗೆ ಹೇಳಿರಲಿಲ್ಲ. ನಾನೇ ಹೇಳಿಕೊಂಡಿದ್ದೆ.

ಮುದುಕ ಚಹಾದ ಲೋಟ ಕೆಳಗಿಟ್ಟ. “ಆಕಿ ನಿಮ್ಮ ಹೆಸರು ಹೇಳಿದ ಕೂಡಲೇ ನಾವು ಕೈ ಬಿಟ್ಟಿದ್ವಿರಿ. ಓದಿದವರು, ಖರೆ ಹೇಳ್ತಾರ, ಕೇಳೂಣು ಅಂತ ಸುತ್ತ ಸುಮ್ಮನ ನಿಂತಿದ್ವಿ. ನೀವು ಹೂಂ ಅಂದಿದ್ರ ಬಸ್ಸಿಗೆ ಹತ್ತಿಸಿ ಕಳಿಸ್ತಿದ್ವಿ. ಯಾರೋ ಏನೋ ಅಂದ್ರಿ. ಆಮ್ಯಾಲೆ ಮುರಿದದ್ದು.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ತಾನು ಮಾಡಿದ್ದಕ್ಕೆ ನಾಚಿಕೆಯೂ ಕಾಣಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದ, ಅಷ್ಟೇ. ಅದನ್ನು ನಾನೂ ಅವನು ಹೇಳಿದ ಹಾಗೆಯೇ ಇಲ್ಲಿ ಬರೆದಿದ್ದೇನೆ.